ಲಾಗ್‌ನಲ್ಲಿ ಉಳಿದ ಒಂದೇ ಸಾಲು

ಚೀಟಿ ಸ್ಕೂಟರಿನ ಸೀಟಿನ ಕೆಳಗಿತ್ತು. ‘ನಿನ್ನೆ ತಿಲಕ್ ನಗರದಲ್ಲಿ ನಲವತ್ತು ನಿಮಿಷ. ಯಾರ ಮನೆ?’

ಜ್ಯೋತ್ಸ್ನಾ ಅದನ್ನು ಎರಡು ಸಲ ಓದಿದಳು. ವಾರದಲ್ಲಿ ಇದು ಮೂರನೆಯದು. ಸ್ಕೂಟರ್ ಅವಳು ಕೆಲಸ ಮಾಡುವ ಜೆ.ಪಿ. ನಗರದ ಬಾಡಿಗೆ ಕಂಪನಿಯದು. ಹತ್ತು ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ಅದು ಡೇಟಾಬೇಸಿಗೆ ತಿಳಿಸುತ್ತಿತ್ತು. ಆ ಡೇಟಾಬೇಸ್ ತೆರೆಯಬಲ್ಲವರು ಮೂವರೇ: ಅವಳು, ಪಕ್ಕದ ಸೀಟಿನ ಸುಮೇಧ, ಮುಖ್ಯಸ್ಥ ನಂದಕುಮಾರ್. ಮೂವರಿಗೂ ಒಂದೇ ಲಾಗಿನ್, ಹಾಗಾಗಿ ತೆರೆದವರು ಯಾರೆಂದು ತಿಳಿಯುತ್ತಿರಲಿಲ್ಲ.

ಸುಮೇಧ ತಿಲಕ್ ನಗರದವನು. “ಏನ್ ಗುರು, ನಮ್ಮ ಏರಿಯಾಗೆ ಬಂದು ಹೇಳ್ದೇನೇ ಹೋಗ್ತೀಯಾ?” ಎಂದು ಬೆಳಿಗ್ಗೆಯೇ ನಕ್ಕಿದ್ದ. ಹೂವಿನಂಗಡಿ ಹತ್ತಿರ ನೋಡಿದನಂತೆ. ಅವಳಿಗೆ ನಗು ಬರಲಿಲ್ಲ. ನಂದಕುಮಾರ್ ಮಾತ್ರ ಚೀಟಿ ನೋಡಿ ಸಮಾಧಾನ ಮಾಡಿ, ಇನ್ನು ಮೇಲೆ ತಾವೇ ಮನೆವರೆಗೆ ಬಿಡುವುದಾಗಿ ಹೇಳಿದರು.

*

ಎರಡು ಸೆಕೆಂಡಿಗಿಂತ ತಡವಾದ ಹುಡುಕಾಟಗಳೆಲ್ಲ ಅವಳೊಬ್ಬಳೇ ನೋಡಿಕೊಳ್ಳುವ ದಾಖಲೆಪಟ್ಟಿಯಾದ ಲಾಗ್‌ನಲ್ಲಿ ದಾಖಲಾಗುತ್ತಿದ್ದವು. ಅವಳ ಬೆನ್ನು ಹತ್ತಿದವರ ಹುಡುಕಾಟವೂ ಅದರಲ್ಲೇ ಇರಬೇಕು. ಆದರೆ ಕೋಟಿಗಟ್ಟಲೆ ಬಿಂದುಗಳ ನಡುವೆ ಗ್ರಾಹಕರು ಹತ್ತಿರದ ಸ್ಕೂಟರ್ ಹುಡುಕಿದರೂ ತಡವೇ. ದಿನಕ್ಕೆ ಸಾವಿರಾರು ಸಾಲು. ಊರಿನ ನಕ್ಷೆಯನ್ನು ಚೌಕಗಳಾಗಿ ಹಂಚಿ ಒಂದು ಇಂಡೆಕ್ಸ್ ಕಟ್ಟಿದರೆ ಬೇಕಾದ ಚೌಕವನ್ನಷ್ಟೇ ತೆರೆದು ನೋಡಬಹುದು; ಬೇಗ ಮುಗಿದ ಹುಡುಕಾಟ ಲಾಗ್‌ಗೆ ಬರುವುದೇ ಇಲ್ಲ. ನಂದಕುಮಾರ್ ಸದ್ಯಕ್ಕೆ ಬೇಡ ಅನ್ನುತ್ತಲೇ ಇದ್ದರು. ಅಂದು ಊಟದ ಹೊತ್ತಿನಲ್ಲಿ ಅವಳು ಯಾರನ್ನೂ ಕೇಳದೆ ಕಟ್ಟಿಬಿಟ್ಟಳು.

ಮರುದಿನ ಲಾಗ್‌ನಲ್ಲಿ ಉಳಿದದ್ದು ಒಂದೇ ಸಾಲು.

ಅವಳ ಮನೆ ಬಾಗಿಲಿನಿಂದ ಅವಳ ಸ್ಕೂಟರ್ ಎಷ್ಟು ದೂರವಿದೆ? ಇಂಡೆಕ್ಸನ್ನು ಮುಟ್ಟದೆ, ಹಳೆಯ ಸೂತ್ರ ಹಿಡಿದು ಒಂದೊಂದೇ ಬಿಂದುವನ್ನು ಅಳೆದಿತ್ತು ಆ ಸಾಲು. ಸೂತ್ರದಲ್ಲಿ ಭೂಮಿಯ ತ್ರಿಜ್ಯ 6378 ಕಿ.ಮೀ., ಸಮಭಾಜಕದ ಬಳಿಯ ಅಳತೆ. ಅವರ ಆಫೀಸಿನಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರೆಯುವುದು ಸರಾಸರಿ ಅಳತೆ, 6371. ಆ ಅಂಕಿಗಾಗಿ ಅವಳು ಒಮ್ಮೆ ಬೈಸಿಕೊಂಡಿದ್ದಳು. ಆದರೆ ಬೈಗುಳ ಸಾಕ್ಷಿಯಾಗುವುದಿಲ್ಲ.

*

ದೂರುಗಳನ್ನು ನೋಡಿಕೊಳ್ಳುವ ಲತಾಮಣಿ ಮೂವರನ್ನೂ ಕೂರಿಸಿಕೊಂಡರು. ಜ್ಯೋತ್ಸ್ನಾ ಲ್ಯಾಪ್‌ಟಾಪನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು.

“ಸುಮೇಧನೇ ಮೇಡಂ. ನನ್ನ ಮನೆಯಿಂದ ದೂರ ಅಳ್ದಿದಾನೆ. ಅವನು ಬರೆಯೋ ಥರಾನೇ 6371 ಅಂತಿದೆ.”

ಸುಮೇಧ ಬಿಳಿಚಿಕೊಂಡ.

“ಅದ್ರಲ್ಲಿ 6371 ಎಲ್ಲಿದೆ? 6378 ಇರೋದು,” ಎಂದರು ನಂದಕುಮಾರ್. ತಪ್ಪು ಕಂಡರೆ ತಿದ್ದದೆ ಇರುವುದು ಅವರಿಗೆ ಆಗುತ್ತಿರಲಿಲ್ಲ.

“ನಾನಿನ್ನೂ ಆ ಸಾಲು ಯಾರಿಗೂ ತೋರ್ಸಿಲ್ಲ, ಸಾರ್.”

ಅವಳು ಲ್ಯಾಪ್‌ಟಾಪನ್ನು ಲತಾಮಣಿಯತ್ತ ತಿರುಗಿಸಿದಳು. ಎಲ್ಲವೂ ನಿಧಾನವಾಗಿದ್ದಾಗ ಇವರ ಸಾಲು ಗುಂಪಿನಲ್ಲಿ ಕಾಣುತ್ತಿರಲಿಲ್ಲ, ಇಂಡೆಕ್ಸ್ ಬೇಡವೆಂದದ್ದು ಅದಕ್ಕೇ ಎಂದು ವಿವರಿಸಿದಳು. 6378 ಬರೆಯದಿದ್ದಕ್ಕೆ ತನಗೆ ಬೈದವರೂ ಇವರೇ ಎಂದಳು. ಲತಾಮಣಿ ಪೊಲೀಸರಿಗೆ ಫೋನ್ ಮಾಡಿದರು.

ಸಂಜೆ ಜ್ಯೋತ್ಸ್ನಾ ಸ್ಕೂಟರಿನ ಕೀ ಮೇಜಿನ ಮೇಲಿಟ್ಟು ಸಾರಕ್ಕಿ ಬಸ್ ಸ್ಟಾಪಿನ ಕಡೆ ನಡೆದಳು. ಬಲೆ ಬೀಸಲು ಸುಮೇಧನ ಹೆಸರೆತ್ತಿದ್ದಕ್ಕೆ ಅವಳು ಅವನ ಕ್ಷಮೆ ಕೇಳಿಯಾಗಿತ್ತು. ಅವನು ಗೇಟಿನ ಬಳಿ ಕಾಯುತ್ತಿದ್ದ. ಜೊತೆಗೆ ಬರಲೇ ಎಂದು ಕೇಳಿದ.

“ಬಾ,” ಎಂದಳು. “ಆದ್ರೆ ಮುಂದೆ ನಡಿ. ಹಿಂದೆ ಬೇಡ.”