ನೀಲಿ ಗೆರೆಯ ಮೇಲಿನ ನೀರು

ನಾನು ಮನೆಗಳ ಈಜುಕೊಳ ಶುಚಿ ಮಾಡುವವನು. ದೆವ್ವಗಿವ್ವ ಎಂದರೆ ನಗುತ್ತಿದ್ದವನೇ.

ವಾರಕ್ಕೊಮ್ಮೆ ಹೋಗುತ್ತಿದ್ದ ಒಂದು ಮನೆಯಲ್ಲಿ ಮನೆಯೊಡತಿ ಒಬ್ಬರೇ, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಆ ಪುಟ್ಟ ಕೊಳಕ್ಕೆ ಯಾರೂ ಇಳಿದಿರಲಿಲ್ಲ. ಅಕ್ಕನಿಗೆ ಈಜು ಬಾರದು. ಪ್ರತಿ ವಾರ ನಾನು ನೀಲಿ ಟೈಲ್ಸಿನ ಗೆರೆಯವರೆಗೆ ನೀರು ತುಂಬಿಸಿ ನಲ್ಲಿ ನಿಲ್ಲಿಸಿ ಬರುತ್ತಿದ್ದೆ. ಮರುವಾರ ನೋಡಿದರೆ, ಬಿಸಿಲಿಗೆ ಇಳಿದಿರಬೇಕಾದ ನೀರು ಗೆರೆಗಿಂತ ಅರ್ಧ ಬೆರಳು ಮೇಲಿರುತ್ತಿತ್ತು. ಒಬ್ಬರು ಒಳಗಿಳಿದರೆ ಏರುವಷ್ಟು.

ಕೊನೆಗೆ ಮಗಳ ಒತ್ತಾಯಕ್ಕೆ ಅಕ್ಕ ಕೊಳ ಮುಚ್ಚಿಸಲು ಒಪ್ಪಿದರು. ಮಟಮಟ ಮಧ್ಯಾಹ್ನ ನೀರು ಹೊರಹಾಕಲು ಪಂಪ್ ಇಳಿಸಿದೆ, ಇನ್ನೂ ಚಾಲೂ ಮಾಡಿರಲಿಲ್ಲ. ಗಾಳಿಯ ಸುಳಿವಿರಲಿಲ್ಲ. ನನ್ನ ಕಣ್ಣೆದುರೇ ನೀರು ಸರಕ್ಕನೆ ಗೆರೆಗೆ ಇಳಿಯಿತು. ತಣ್ಣನೆಯದೇನೋ ನನ್ನ ಪಕ್ಕದಲ್ಲೇ ಹಾದುಹೋಯಿತು.

“ಅಕ್ಕಾ, ಪಂಪ್ ಹಾಕ್ಲಾ?”

ಅಕ್ಕ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ತಡಿಯೋ ತಮ್ಮಾ, ಅವರು ಮೈ ಒರೆಸ್ಕೊಳ್ಳಲಿ. ಮೊದಲಿಂದಲೂ ಎಲ್ಲದಕ್ಕೂ ನಿಧಾನ.” ಆಮೇಲೆ ನೀರಿನ ಕಡೆ ನೋಡಿ, “ಖಾಲಿ ಮಾಡಿದ್ರೆ ಪಾಪ, ಎಲ್ಲಿಗೆ ಹೋಗ್ತಾರೆ? ಇನ್ನೊಂದು ವಾರ ಇರಲಿ” ಎಂದರು.

ಮುಂದಿನ ವಾರ ಹೋದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಇರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಕೊಳ ತಳದವರೆಗೂ ತಿಳಿಯಾಗಿತ್ತು, ಒಳಗೆ ಒಂದು ಎಲೆಯೂ ಇರಲಿಲ್ಲ. ನೀರು ಮಾತ್ರ ಗೆರೆಗಿಂತ ಪೂರ್ತಿ ಒಂದು ಬೆರಳು ಮೇಲಿತ್ತು.