ಕಮಾನಿನ ನಡುಗಲ್ಲು

ಹೆಣ್ಣು ನೋಡಲು ಬಂದ ಗಂಡು ಹೆಣ್ಣನ್ನು ಬಿಟ್ಟು ಬಟ್ಟೆ ಒಗೆಯುವ ಕಲ್ಲನ್ನು ನೋಡುತ್ತಾ ನಿಂತರೆ ಯಾರಿಗೆ ತಾನೇ ಸಿಟ್ಟು ಬಾರದು?

ಕಾಲು ತೊಳೆಯಲು ಹಿತ್ತಲಿಗೆ ಹೋದ ಕಲ್ಲುಕೆಲಸದ ತಮ್ಮಯ್ಯ, ಚೊಂಬು ಹಿಡಿದು ಹಾಗೇ ನಿಂತುಬಿಟ್ಟ. ಮೇಲೆ ಅಗಲ, ಕೆಳಗೆ ಕಿರಿದು, ನುಣ್ಣನೆಯ ಕಲ್ಲು. ಮದುವೆಯ ಹೆಣ್ಣು ಇಂದ್ರಮ್ಮ ಚಾಚಿದ ಟವೆಲನ್ನೂ ಅವನು ಗಮನಿಸಲಿಲ್ಲ.

"ಈ ಕಲ್ಲು ಎಲ್ಲಿತ್ತು?"

"ಇಲ್ಲೇ ಇತ್ತು," ಎಂದಳು ಇಂದ್ರಮ್ಮ. ಸುಳ್ಳು.

ಅವನು ಉಪ್ಪಿಟ್ಟು ಮುಟ್ಟದೆ ಹೊರಟುಹೋದ. 'ನಾನು ಕಪ್ಪಗಿದ್ದೀನಿ ಅಂತಲೇ...' ಎಂದುಕೊಂಡು ಇಂದ್ರಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಸಂಬಂಧ ತಂದಿದ್ದ ಪುಟ್ಟಗೌರಮ್ಮ ಬೆನ್ನು ಸವರಿದಳು.

"ಅಂಗಲ್ಲ ಕಣವ್ವ. ಪಾಂಡವಪುರದಲ್ಲಿ ಮುನ್ನೂರು ಮನೆ ಕಟ್ತೀವಿ ಅಂತ ಸುರು ಮಾಡಿ, ಸೂರಿಲ್ದೆ ನಿಲ್ಸವ್ರಲ್ಲ, ಅದರ ಹೆಬ್ಬಾಗ್ಲು ಕಮಾನಿನ ನೆತ್ತಿಗೆ ಕೂರ್ಸೋ ನಡುಗಲ್ಲು ಕೆತ್ತಿದ್ದು ಅವ್ನೇ. ಕೆಲ್ಸ ನಡೀತಿದ್ದಾಗ್ಲೇ ಅದು ಕಾಣೆಯಾಯ್ತು. ಮಾರ್ಕೊಂಡ ಅಂತ ಕಳ್ಳನ ಹೆಸರು ಕಟ್ಟಿ ಕೆಲ್ಸದಿಂದ ಓಡಿಸ್ಬುಟ್ರು. ಆವತ್ತಿಂದ ಯಾವ ಕಲ್ಲು ಕಂಡ್ರೂ ಇಂಗೇ ನಿಂತ್ಕತಾನೆ."

ಇಂದ್ರಮ್ಮ ಅಳು ನಿಲ್ಲಿಸಿ ಹಿತ್ತಲ ಕಲ್ಲಿನತ್ತ ತಿರುಗಿದಳು.

ಎರಡು ವರ್ಷದ ಹಿಂದೆ, ಮರಳುಗುಡ್ಡೆ ಪಕ್ಕ ಬಿದ್ದಿದ್ದ ಆ ಕಲ್ಲನ್ನು "ಬ್ಯಾಡಾಂತ ಬಿಸಾಕವ್ರೆ" ಎಂದು ಅಪ್ಪನ ಗಾಡಿಗೆ ಹೇರಿಸಿದವಳು ತಾನೇ. ಕೇಳಿದರೆ ಕೊಡುವುದಿಲ್ಲವೆಂದು ಕೇಳಿರಲಿಲ್ಲ. ಅವನಿಗೆ ಗುರುತು ಸಿಕ್ಕಿದೆ. ಆದರೂ ಯಾರಿಗೂ ಬಾಯಿಬಿಟ್ಟಿಲ್ಲ... ನಾಚಿಕೆಯಿಂದ ಅವಳು ಆ ದಿನ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲಿಲ್ಲ.

ಮರುದಿನ ಅಪ್ಪ ಮಾಯಣ್ಣನಿಗೆ ಎಲ್ಲಾ ಹೇಳಿ, ಗಾಡಿಗೆ ಕಲ್ಲು ಹೇರಿಸಿ ಪಾಂಡವಪುರಕ್ಕೆ ಹೊರಟಳು.

ಸೂರಿಲ್ಲದ ಮನೆಗಳ ಸಾಲು. ಮುಂದೆ ಅರಮನೆಗಿರಬೇಕಾದಂಥ ಕಮಾನು, ಮರದ ಆಸರೆಯ ಮೇಲೆ, ನೆತ್ತಿ ತೆರೆದುಕೊಂಡು ನಿಂತಿತ್ತು. ಕೆಲಸ ನಿಂತ ಮೇಲೆ ಕೇಳುವವರಿಲ್ಲದ ಅದರ ನೆರಳಲ್ಲಿ ತಮ್ಮಯ್ಯ ಇನ್ನಿಬ್ಬರು ಕಲ್ಲುಕೆಲಸದವರ ಜೊತೆ ಒರಳುಕಲ್ಲು ಕೆತ್ತುತ್ತಿದ್ದ.

"ಕಲ್ಲು ಕದ್ದೋಳು ನಾನು," ಎಂದಳು ಇಂದ್ರಮ್ಮ, ಮೂವರಿಗೂ ಕೇಳುವಂತೆ. "ಇವ್ರಲ್ಲ. ಯಾರ ಮುಂದೆ ಬೇಕಾದ್ರೂ ಬಂದು ಹೇಳ್ತೀನಿ."

ಆ ಇಬ್ಬರೂ ತಲೆ ತಗ್ಗಿಸಿದರು. ಇಷ್ಟು ದಿನ ಅವನನ್ನು ಆಡಿಕೊಂಡವರು ಅವರೇ.

ತಮ್ಮಯ್ಯನ ಉಳಿ ನಿಂತಿತು. ಕಣ್ಣು ಒದ್ದೆಯಾಗಿತ್ತು.

"ನನ್ನ ಮರ್ಯಾದೆ ತಂದ್ಕೊಟ್ಟೆ," ಎಂದ.

"ಕಳೆದೋಳೂ ನಾನೇ..." ಅವಳು ತಲೆ ಎತ್ತಲಿಲ್ಲ. "ಮೇಲೆ ಕೂರಿಸ್ತೀರಾ?"

"ಇನ್ನು ಯಾರೂ ಕಟ್ಟಲ್ಲ ಕಣೆ ಇದನ್ನ."

"ಅಂಗಾರೆ ಈ ಕಲ್ಲು?"

ಅವನು ಕೈಯ ಧೂಳು ಒರೆಸಿಕೊಂಡ.

"ನಮ್ಮನೇಲಿ ಒಗೆಯೋ ಕಲ್ಲಿಲ್ಲ."

"ಕಲ್ಲೊಂದು ಸಾಕಾ?"

"ಬಟ್ಟೆ ಬೇಕಾದ್ರೆ ನಾನೇ ಒಗೀತೀನಿ. ನೀನು ಬಂದ್ರೆ ಸಾಕು."