ಟ್ರೆವರ್ ಕೊಟ್ಟ ಉತ್ತರಗಳು

ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಗ ಆ ಊರಿನ ಹಳೆಯ ರಾಕ್ ತಂಡಗಳ ಬಗ್ಗೆ ಪ್ರಬಂಧ ಬರೆಯಲು ಹೊರಟಿದ್ದೆ. ಎಪ್ಪತ್ತು ದಾಟಿದ ಗಿಟಾರ್ ವಾದಕ ಟ್ರೆವರ್, ತಮ್ಮ ತಂಡ ಅಭ್ಯಾಸ ಮಾಡುತ್ತಿದ್ದ ಹತ್ತಿಗಿರಣಿಯ ನೆಲಮಾಳಿಗೆಗೆ ಒಂದು ಮಧ್ಯಾಹ್ನ ಕರೆದುಕೊಂಡು ಹೋದರು. ಒಳಗೆ ಮೈ ಕೊರೆಯುವ ಚಳಿ. ರೆಕಾರ್ಡರ್ ಇಡಲು ಬಗ್ಗಿದೆ. ಆ ಮೂಲೆಯ ನೆಲ ಮಾತ್ರ, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಂತೆ ಬೆಚ್ಚಗಿತ್ತು.

“ಅಲ್ಲಿ ನಿಲ್ಬೇಡಮ್ಮ, ಅದು ಗ್ಲೆನಿಸ್ ಹಾಡ್ತಿದ್ದ ಜಾಗ. ಬೈತಾಳೆ,” ಎಂದು ಟ್ರೆವರ್ ನಕ್ಕರು. ತಂಡದ ಗಾಯಕಿ ಗ್ಲೆನಿಸ್ ತೀರಿಕೊಂಡು ನಲವತ್ತು ವರ್ಷವಾಗಿತ್ತು.

“ತಂಡ ಯಾಕೆ ಒಡೀತು?” ಎಂದು ಕೇಳಿದೆ.

ಅವರು ಕೆಮ್ಮಿದರು. “ಅವಳನ್ನ ಆಚೆ ಹಾಕಿದ್ದು ನಾನೇ. ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ.”

ರೂಮಿಗೆ ಬಂದು ರೆಕಾರ್ಡಿಂಗ್ ಹಾಕಿ ಕೇಳಿದೆ. ಪ್ರಶ್ನೆಗಳು ನನ್ನ ದನಿಯಲ್ಲೇ ಇದ್ದವು. ಉತ್ತರಗಳು ಒಬ್ಬ ಹುಡುಗಿಯ ದನಿಯಲ್ಲಿದ್ದವು. ಟ್ರೆವರ್ ಆಡಿದ ಮಾತೇ, ಅದೇ ಕೆಮ್ಮು.

ನನ್ನ ಕಿವಿಯೇ ಕೆಟ್ಟಿದೆಯೇನೋ ಎಂದು ಮರುದಿನ ಟ್ರೆವರ್ ಮನೆಗೆ ಹೋಗಿ ಕೇಳಿಸಿದೆ.

“ನನ್ ದನಿನೇ ಅಲ್ವೇನಮ್ಮ? ಮುದಿ ಕಪ್ಪೆ ವಟಗುಟ್ಟಿದ ಹಾಗಿದೆ. ಏನಾಗಿದೆ ಇದಕ್ಕೆ?” ಎಂದರು ಅವರು.

ನನಗೆ ಆಗಲೂ ಕೇಳಿಸುತ್ತಿದ್ದದ್ದು ಆ ಹುಡುಗಿಯೇ. ಮೊದಲಿನಿಂದ ಮತ್ತೊಮ್ಮೆ ಹಾಕಿದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ ಮಾರೀನ್ ಕೂಗಿದರು: “ರೀ, ಮಾತಾಡ್ತಿದಾಳಲ್ಲ ಆ ಇನ್ನೊಬ್ಳು ಹುಡುಗಿ, ಅವಳಿಗೂ ಟೀ ಬೇಕಾ ಕೇಳಿ.”